ಸಾದರ ಪತ್ರಪ್ಪ ರಸ್ತೆಯಲ್ಲಿ

ಬೆಂಗಳೂರಿನ ಹಳೆಯ ಪೇಟೆಯ ಭಾಗದಲ್ಲಿ ಸಾದರ ಪತ್ರಪ್ಪ ರಸ್ತೆ ಎಂಬುದೊಂದುಂಟು. ಅಷ್ಟುದ್ದದ ಹೆಸರನ್ನು ಉಚ್ಚರಿಸುವ ವ್ಯವಧಾನ ಅಲ್ಲಿ ಯಾರಿಗೂ ಇಲ್ಲ, ಎಸ್. ಪಿ. ರೋಡು ಎಂದರೆ ಸಾಕು. ೨೦೧೭ರಲ್ಲಿ ನೆಲದಡಿಯ ಮೆಟ್ರೋ ರೈಲು ಚಿಕ್ಕಪೇಟೆಗೂ ಕೃಷ್ಣರಾಜೇಂದ್ರ ಮಾರುಕಟ್ಟೆಗೂ ಬಂದಮೇಲೆ ನಮ್ಮಂತಹ ವಯಸ್ಸಾದವರು ಆ ಕಡೆಗೆ ಹೋಗುವುದು ಸುಲಭವಾಗಿದೆ. ಇಳಿದಮೇಲೆ ನಡೆಯುವುದು ಮಾತ್ರ ಸುಲಭವಲ್ಲ. ಇಕ್ಕೆಲಗಳಲ್ಲಿಯೂ ವಿದ್ಯುದುಪಕರಣಗಳ ಬಿಡಿಭಾಗಗಳನ್ನು ಮಾರತಕ್ಕ ಅಂಗಡಿಗಳು. ಕೆಲವು ನಮ್ಮ ದೇವರ ಕೋಣೆಯಷ್ಟೂ ಅಗಲವಿಲ್ಲ. ಆದರೂ ಗ್ರಂಧಿಗೆ ಅಂಗಡಿಯಲ್ಲಿ ಅಳಲೆ, ಹಿಪ್ಪಲಿ, ಜ್ಯೇಷ್ಠಮಧುಗಳಿರುವ ಹಾಗೆ ಗೋಡೆಯ ತುಂಬ ಸಣ್ಣ ಡಬ್ಬಿಗಳು. ಒಂದೊಂದರಲ್ಲಿ ಒಂದೊಂದು ಬಗೆಯ ಕಾಳು.

ಕಳೆದ ಮಾಘಮಾಸದಲ್ಲಿ ಮೊಮ್ಮಗನನ್ನೂ ಅವನ ಗೆಳೆಯನನ್ನೂ ಕೂಡಿಕೊಂಡು ನಾವು ಅಲ್ಲಿಗೆ ಹೋಗಿದ್ದೆವು. ನಮ್ಮೂರಿನ ವಾಚನಾಲಯದ ಕಂಪ್ಯೂಟರಿಗೆ ವಿದ್ಯುತ್ತನ್ನೊದಗಿಸುವ ಬೋರ್ಡು ಕೆಟ್ಟಿತ್ತು. ಅದರಲ್ಲಿ ಒಂದು ಬಿಲ್ಲೆ ಸಿಡಿದು ಕರಿಕಾಗಿತ್ತು. ಮೈಮೇಲಿನ ಬರಹದಲ್ಲಿ ‘೧೦ಡಿ’ ಎಂಬಷ್ಟೇ ಉಳಿದಿತ್ತು. ಮೊದಲನೆಯ ಅಂಗಡಿಯ ಹುಡುಗನು ಅದನ್ನೋದಿದವನೇ ‘೧೦ಡಿ-೯’ ಎಂಬ ಕಪ್ಪು ಬಿಲ್ಲೆಯೊಂದನ್ನು ಕೊಟ್ಟುಬಿಟ್ಟನು. ಅಂದಿನ ರಾತ್ರಿಯೇ ಬೆಸೆದು ಚಾಲೂ ಮಾಡಿಬಿಡುವೆವೆಂದು ಹುಡುಗರ ಉತ್ಸಾಹ.

ಒಳಗಿನ ಓಣಿಯೊಂದರಲ್ಲಿ ಫ್ಯೂಸು ಕೊಳ್ಳಲು ನಿಂತಾಗ, ಆ ಅಂಗಡಿಯ ವೃದ್ಧರು ಬಿಲ್ಲೆಯನ್ನು ನೋಡಿ, “ಇದು ಬೋರ್ಡಿನಲ್ಲಿ ಎಲ್ಲಿ ಕೂತಿತ್ತು, ತೋರಿಸಪ್ಪ” ಎಂದರು. ದೊಡ್ಡ ಕೆಪ್ಯಾಸಿಟರು ಪ್ಲಗ್ಗು ಕಿತ್ತಮೇಲೂ ಕೆಲಕಾಲ ವಿದ್ಯುತ್ತನ್ನು ಹಿಡಿದಿರುವುದಂತೆ. ಆದಕಾರಣ ಮೊದಲು ಅದರಲ್ಲಿ ಏನೂ ಉಳಿದಿಲ್ಲವೆಂದು ಮೀಟರಿನಿಂದ ನಿಶ್ಚಯಿಸಿಕೊಂಡರು. ಬಳಿಕ ಸ್ಪಿರಿಟ್ಟಿನಲ್ಲಿ ಅದ್ದಿದ ಬ್ರಷ್ಷಿನಿಂದ ಮಸಿಯನ್ನು ಉಜ್ಜಲು ‘ಆರ್.ವಿ.’ ಎಂಬ ಬಿಳಿಯ ಅಕ್ಷರಗಳು ಮೇಲೆದ್ದುವು. ಬೋರ್ಡಿನ ಮೇಲೆ ‘ಆರ್’ ಎಂದಿದ್ದರೆ ರೆಸಿಸ್ಟರು, ‘ಸಿ’ ಎಂದರೆ ಕೆಪ್ಯಾಸಿಟರು, ‘ಡಿ’ ಡಯೋಡು, ‘ಕ್ಯೂ’ ಟ್ರಾನ್ಸಿಸ್ಟರು. ‘ಆರ್.ವಿ.’ ಎಂಬುದು ವೇರಿಸ್ಟರಿನ ಗುರುತು. ಅಷ್ಟಕ್ಕೇ ನಂಬದೆ ತಾಮ್ರದ ಗೆರೆಗಳನ್ನು ಹಿಂಬಾಲಿಸಿ ನೋಡಿದರು. ಬಿಲ್ಲೆಯ ಒಂದು ಕಾಲು ಫ್ಯೂಸಿನ ಮೂಲಕ ಲೈನಿಗೂ ಇನ್ನೊಂದು ನ್ಯೂಟ್ರಲಿಗೂ ಸೇರಿದ್ದುವು.

“ಸ್ವಾಮಿ, ಹತ್ತು ಓಮಿನ ಥರ್ಮಿಸ್ಟರನ್ನು ಇಲ್ಲಿ ಇಟ್ಟು ೨೩೦ ವೋಲ್ಟು ಕೊಟ್ಟರೆ ಆ ಕ್ಷಣವೇ ೨೩ ಆಂಪಿಯರು ಹರಿಯಲು ನೋಡುತ್ತೆ. ಫ್ಯೂಸು ಹೋದರೆ ಪುಣ್ಯ; ಇಲ್ಲದಿದ್ದರೆ ಮುಖದ ಮುಂದೆ ಸಿಡಿಯುತ್ತೆ” ಎಂದು ನಮ್ಮ ಕಡೆ ತಿರುಗಿ ಹೇಳಿದರು. ಹುಡುಗರಿಬ್ಬರೂ ಮಾತಾಡಲಿಲ್ಲ.

ಸಂಸ್ಕೃತವನ್ನೋದಿದವರಿಗೆ ‘ಸೈಂಧವ’ ಶಬ್ದದ ದೃಷ್ಟಾಂತ ಪರಿಚಿತವಷ್ಟೆ: ಊಟಕ್ಕೆ ಕುಳಿತವನು ಸೈಂಧವವನ್ನು ತಾ ಎಂದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ. ಇಲ್ಲಿಯೂ ಅದೇ ಕಥೆ. ‘೧೦ಡಿ-೯’ ಎಂಬಲ್ಲಿ ಹತ್ತು ಎಂಬುದು ಓಮುಗಳ ಸಂಖ್ಯೆ, ಒಂಬತ್ತು ಮಿಲಿಮೀಟರು ಬಿಲ್ಲೆಯ ಅಡ್ಡಳತೆ. ‘೧೦ಡಿ೪೭೧ಕೆ’ ಎಂಬಲ್ಲಿ ಹತ್ತೇ ಅಡ್ಡಳತೆ; ೪೭೧ ಎಂದರೆ ೪೭ರ ಮುಂದೆ ಒಂದು ಸೊನ್ನೆ, ಅರ್ಥಾತ್ ೪೭೦ ವೋಲ್ಟು; ‘ಕೆ’ ಎಂದರೆ ನೂರಕ್ಕೆ ಹತ್ತರಷ್ಟು ಹೆಚ್ಚುಕಡಮೆ. ಥರ್ಮಿಸ್ಟರು ವಿದ್ಯುತ್ತಿನ ದಾರಿಯಲ್ಲಿಯೇ ನಿಂತು ಮೊದಲ ರಭಸವನ್ನು ತಡೆಯುವುದು. ವೇರಿಸ್ಟರಾದರೋ ಎರಡು ತಂತಿಗಳ ನಡುವೆ ಸುಮ್ಮನಿದ್ದು, ಒತ್ತಡ ಮಿತಿಮೀರಿದಾಗ ಮಾತ್ರ ತಾನು ಅದನ್ನು ನುಂಗುವುದು. ಹೀಗೆ ನುಂಗಿಯೇ ನಮ್ಮ ಬಿಲ್ಲೆ ಸಿಡಿದಿದ್ದಿರಬೇಕು.

ರೆಸಿಸ್ಟರುಗಳ ಬಣ್ಣದ ಪಟ್ಟಿಗಳನ್ನೂ ಅವರು ತೋರಿಸಿದರು. ಕಪ್ಪು ಸೊನ್ನೆ, ಕಂದು ಒಂದು, ಕೆಂಪು ಎರಡು, ಹೀಗೆ ಬಿಳಿ ಒಂಬತ್ತರವರೆಗೆ. ಹಳದಿ, ನೇರಿಳೆ, ಕೆಂಪು ಬಂದರೆ ೪೭ರ ಮುಂದೆ ಎರಡು ಸೊನ್ನೆ, ೪೭೦೦ ಓಮು. ನಮಗೆ ಕಟಪಯಾದಿ ನೆನಪಾಯಿತು. ಮಾಯಾಮಾಳವಗೌಳ ರಾಗದಲ್ಲಿ ‘ಮಾ’ ಐದು, ‘ಯಾ’ ಒಂದು. ತಿರುಗಿಸಿ ಓದಿದರೆ ಹದಿನೈದನೆಯ ಮೇಳ. ಇದನ್ನು ಕೇಳಿ ಆ ವೃದ್ಧರು ಬಹಳ ಸಂತೋಷಪಟ್ಟರು. ಬಣ್ಣದ ಪಟ್ಟಿಯನ್ನು ಹಾಗೆ ತಿರುಗಿಸಿ ಓದಕೂಡದು; ಚಿನ್ನದ ಪಟ್ಟಿ ಬಲಕ್ಕಿರುವಂತೆ ಹಿಡಿಯಬೇಕು.

ವೇರಿಸ್ಟರನ್ನೂ ಫ್ಯೂಸನ್ನೂ ಕಾಗದದಲ್ಲಿ ಸುತ್ತಿ ಕೊಟ್ಟರು. ಬೆಲೆ ನಮ್ಮ ಕಾಫಿಯ ಖರ್ಚಿಗಿಂತ ಕಡಮೆ. ಮೊಮ್ಮಗನ ಗೆಳೆಯನು ಜೇಬಿನಿಂದ ಬೇರೊಂದು ಕಪ್ಪು ಚಿಪ್ಪನ್ನು ತೆಗೆದು ಮುಂದಿಟ್ಟನು. ಅವರು ಅದನ್ನು ಭೂತಗನ್ನಡಿಯ ಕೆಳಗೆ ಓರೆಯಾಗಿ ಹಿಡಿದು ನೋಡಿ, “ಹೆಸರನ್ನು ಉಜ್ಜಿಬಿಟ್ಟಿದ್ದಾರೆ. ಇದು ಏನೋ ನಾನು ಹೇಳಲಾರೆ, ಮಗು. ಕೂತಿದ್ದ ಬೋರ್ಡನ್ನೇ ತೆಗೆದುಕೊಂಡು ಬಾ” ಎಂದು ಹಿಂದಕ್ಕೆ ಕೊಟ್ಟರು.