ಬೆರಳ ತುದಿಯ ಪರಕಾಯ ಪ್ರವೇಶ

ರಾಯಚೂರಿನ ಬೇಸಿಗೆಯಲ್ಲಿ ಗೇಮ್ ಆಡಲು ತಕ್ಕ ಹೊತ್ತು ರಾತ್ರಿ ಹನ್ನೊಂದರ ಮೇಲೆ. ಕೂಲರಿಗೆ ನೀರು ತುಂಬಿ ಕಂಟ್ರೋಲರ್ ಹಿಡಿದೆನೆಂದರೆ ನಾನು ಬೇರೆ ಯಾರೋ ಆಗಿಬಿಡುತ್ತೇನೆ. ಕಥೆ ಹೇಳುವ ಆಟಗಳೆಂದರೆ ನನಗೆ ಪ್ರಾಣ. ಸಿನಿಮಾದಲ್ಲಿ ನಾಯಕಿ ಬಾಗಿಲು ತೆರೆಯುವುದನ್ನು ನೋಡುತ್ತೇವೆ. ಇಲ್ಲಿ ತೆರೆಯುವುದು ನಮ್ಮದೇ ಹೆಬ್ಬೆರಳು. ಪರಕಾಯ ಪ್ರವೇಶಕ್ಕೆ ಇಷ್ಟು ಹತ್ತಿರದ ಕಲೆ ಇನ್ನೊಂದನ್ನು ಕಾಣೆ.

'ದಿ ಲಾಸ್ಟ್ ಆಫ್ ಅಸ್' ಎಂಬ ಆಟ ಬಂದದ್ದು 2013ರಲ್ಲಿ. ಮರುವರ್ಷದ ಫೆಬ್ರುವರಿಯಲ್ಲಿ ಅದಕ್ಕೆ 'ಲೆಫ್ಟ್ ಬಿಹೈಂಡ್' ಎಂಬ ಸಣ್ಣ ಅಧ್ಯಾಯ ಸೇರಿತು. ಹಾಳುಬಿದ್ದ ಮಾಲ್‌ನೊಳಗೆ ಎಲಿ, ರೈಲಿ ಎಂಬ ಹುಡುಗಿಯರು ಅಲೆಯುತ್ತಾರೆ. ಕೆಟ್ಟುನಿಂತ ಆರ್ಕೇಡ್ ಯಂತ್ರದ ಮುಂದೆ ಎಲಿಗೆ ಕಣ್ಣು ಮುಚ್ಚಲು ಹೇಳಿ, ರೈಲಿ ಇಡೀ ಕಾಳಗವನ್ನು ಬಾಯಲ್ಲೇ ಕಟ್ಟಿಕೊಡುತ್ತಾಳೆ. ಪರದೆಯ ತುಂಬ ಎಲಿಯ ಮುಖ. ಇಲ್ಲದ ಆಟವನ್ನು ನಾವು ಗೆಳತಿಯ ದನಿಯನ್ನೇ ನಂಬಿ, ಗುಂಡಿ ಒತ್ತಿ ಆಡುತ್ತೇವೆ. ಮುಂದೆ ಇಬ್ಬರೂ ಕುಣಿದು ಮುತ್ತಿಡುವಾಗ ಅಚ್ಚರಿಯಾಗುವುದಿಲ್ಲ. ಆ ಪ್ರೀತಿ ಆಗಲೇ ನಮ್ಮ ಬೆರಳಿಗೆ ಇಳಿದಿರುತ್ತದೆ. ಈ ಅಧ್ಯಾಯ ಬರುವುದಕ್ಕೆ ಎರಡು ತಿಂಗಳ ಹಿಂದಷ್ಟೇ ನಮ್ಮ ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿದಿತ್ತು. ಸಲಿಂಗ ಪ್ರೇಮದ ಕಥೆಗಳನ್ನು ಹೇಳುವ ವಸುಧೇಂದ್ರರ 'ಮೋಹನಸ್ವಾಮಿ' ಪ್ರಕಟವಾದದ್ದೂ 2013ರಲ್ಲೇ. ಆ ಕಲಮಿನ ಹಿಡಿತ ಸಡಿಲಿದ್ದು 2018ರ ಸೆಪ್ಟೆಂಬರಿನಲ್ಲಿ.

2020ರ ಜೂನ್‌ನಲ್ಲಿ ಆಟದ ಎರಡನೇ ಭಾಗ ಬಂತು. ಬೆಳೆದ ಎಲಿ ಅದರಲ್ಲಿ ಡೀನಾ ಎಂಬವಳನ್ನು ಪ್ರೀತಿಸುತ್ತಾಳೆ. ಮುಗಿಸಲು ಇಪ್ಪತ್ತು ತಾಸಿಗೂ ಹೆಚ್ಚು ಬೇಡುವ ಆಟಕ್ಕೆ ಬಿಡುಗಡೆಯ ದಿನವೇ ಅಂಕ ಕೊಡುವ ಮೆಟಾಕ್ರಿಟಿಕ್ ತಾಣದಲ್ಲಿ ಸಾವಿರಗಟ್ಟಲೆ ಮಂದಿ ಸೊನ್ನೆ ಸುರಿದರು. ಮೊದಲ ಭಾಗದ ನಾಯಕ ಜೋಯೆಲ್‌ನ ಸಾವು ಸಹಿಸದವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅದು ಕಥೆಯೊಡನೆ ಜಗಳ. ಹುಡುಗಿಯರ ಪ್ರೀತಿಯನ್ನು ಕಂಡು 'ರಾಜಕೀಯ ತುರುಕಿದ್ದಾರೆ' ಎಂಬ ಮಾತನ್ನು ಮಾತ್ರ ಒಪ್ಪಲಾರೆ.

ದೇವದುರ್ಗದಿಂದ ಬಂದಿದ್ದ ಅಣ್ಣನ ಮಗನೂ ಅದನ್ನೇ ಕೇಳಿದ: "ಕಾಕಾ, ಗೇಮ್‌ನ್ಯಾಗ ಇದನ್ನೆಲ್ಲ ಯಾಕ ತುರುಕ್ತಾರ್ರೀ?"

"ಮಾರಿಯೋ ರಾಜಕುಮಾರಿನ್ನ ಬಿಡಿಸ್ಕೊಂಡು ಬಂದಾಗ ಯಾರು ಏನು ತುರುಕಿದ್ರಪಾ?" ಅಂದೆ.

"ಖರೆ. ಆದ್ರ ಕೆಲವು ಗೇಮ್‌ನ್ಯಾಗ ಹೆಸರಿಗಷ್ಟ ಒಂದು ಪಾತ್ರ ಇಟ್ಟಿರ್ತಾರ."

ಹೌದು, ಅಂಥವು ನನಗೂ ಸೇರುವುದಿಲ್ಲ. ಹಸಿವು, ಸಿಟ್ಟು, ತಪ್ಪು ಒಂದೂ ಇಲ್ಲದ ಪಾತ್ರದೊಳಗೆ ಹೊಕ್ಕು ನಿಲ್ಲುವುದಾದರೂ ಹೇಗೆ?

ಹಾಗೆ ಹೊಕ್ಕು ನಿಲ್ಲುವುದು ನಮಗೆ ಹೊಸತಲ್ಲ, ನಮ್ಮದು ಹರಿದಾಸರ ಸೀಮೆ. ಮಾನ್ವಿಯ ಜಗನ್ನಾಥದಾಸರು, ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು ಇಲ್ಲಿಯವರೇ. ಭಜನೆಯಲ್ಲಿ ಮೀಸೆ ಹೊತ್ತ ಗಂಡಸು ಗೋಪಿಯಾಗಿ ಹಲುಬಿದರೆ ಯಾರೂ ಹುಬ್ಬೇರಿಸುವುದಿಲ್ಲ. ಭಕ್ತಿಯನ್ನೂ ಸಲಿಂಗ ಪ್ರೇಮವನ್ನೂ ನಾನು ಕಲಸುತ್ತಿಲ್ಲ. ಇನ್ನೊಬ್ಬರ ಎದೆಯೊಳಗೆ ನಿಂತು ದನಿ ತೆಗೆಯುವುದು ಈ ನೆಲಕ್ಕೆ ರೂಢಿ ಎನ್ನುತ್ತಿದ್ದೇನೆ.

ಕೆನಡಾಕ್ಕೆ ಹೋದ ತಮಿಳು ಕುಟುಂಬವೊಂದರ ಕಥೆಯನ್ನು ಇಡ್ಲಿ ಬೇಯಿಸುತ್ತ ಆಡಿಸುವ 'ವೆಂಬಾ' ಎಂಬ ಆಟ 2023ರಲ್ಲಿ ಬಂತು. ರಾಯಚೂರು ಮಾತಿನಲ್ಲೂ ಒಂದು ಬರಬೇಕು: ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು, ಒಬ್ಬನ ಗಂಟಲಲ್ಲಿ ಸಿಕ್ಕ ಮಾತು, ಅದನ್ನು ಆಡಿಸುವ ಗುಂಡಿ ನಮ್ಮ ಕೈಲಿ. "ಕೋಡಿಂಗ್ ನಾ ಮಾಡ್ತೀನಿ, ಮಾತು ನೀವು ಬರೀರಿ ಕಾಕಾ" ಎಂದಿದ್ದಾನೆ ಅಣ್ಣನ ಮಗ. ಮೊದಲ ದೃಶ್ಯ ಬರೆದಾಗಿದೆ.