ಹೊತ್ತಿನ ಲೆಕ್ಕವಲ್ಲ, ಶಾಖದ ಲೆಕ್ಕ

ಡಿಶ್‌ವಾಷರ್‌ನ ಇಕೋ ಕ್ರಮ ಎರಡು ಮೂರು ಗಂಟೆ ಓಡುತ್ತದೆ, ಕರೆಂಟು ಹೆಚ್ಚಾಗದೇ ಎಂದು ಬಂಧುಗಳು ಕೇಳುತ್ತಾರೆ. ನನ್ನ ವಿದ್ಯಾರ್ಥಿಗಳು ಹಳೆಯ ಪಾಠವೊಂದನ್ನು ಸ್ಮರಿಸಿಕೊಂಡರೆ ಉತ್ತರ ಅಲ್ಲಿಯೇ ಇದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. 10 ಲೀಟರ್ ನೀರನ್ನು 25ರಿಂದ 65 ಡಿಗ್ರಿಗೆ ಕಾಯಿಸಲು ಹೆಚ್ಚುಕಡಿಮೆ ಅರ್ಧ ಯೂನಿಟ್. 50 ಡಿಗ್ರಿಗೆ ನಿಲ್ಲಿಸಿದರೆ ಸುಮಾರು 0.3 ಯೂನಿಟ್ ಸಾಕು. ಯಂತ್ರ ಬಳಸುವ ವಿದ್ಯುತ್ತಿನ ಬಹುಪಾಲು ನೀರು ಕಾಯಿಸಲೇ ವ್ಯಯವಾಗುತ್ತದೆ. ನೀರು ಚಿಮ್ಮಿಸುವ ಪಂಪಿಗೆ ಬೇಕಾದದ್ದು ಅಲ್ಪ. ಇಕೋ ಕ್ರಮವು ಶಾಖವನ್ನು ತಗ್ಗಿಸಿ, ಆ ಕೊರತೆಯನ್ನು ಕಾಲದಿಂದ ತುಂಬಿಕೊಳ್ಳುತ್ತದೆ.

ಆದ್ದರಿಂದ ಯಂತ್ರ ತುಂಬಿದ ಮೇಲೆಯೇ ನಡೆಸಿರಿ. ಎಂಜಲು ಬಳಿದು ಹಾಕಿದರೆ ಸಾಕು. ಬಿಸಿನೀರಿನಲ್ಲಿ ಮೊದಲೇ ತೊಳೆಯಬೇಕಿಲ್ಲ. ಜಿಡ್ಡು ಹಿಡಿದ ಬಾಣಲೆಗಳಿದ್ದ ದಿನ ಮಾತ್ರ ಹೆಚ್ಚಿನ ಶಾಖ ಇರಲಿ. ಬಿಸಿಯಿಂದ ಒಣಗಿಸುವ ಆಯ್ಕೆಯನ್ನು ಬಿಟ್ಟು, ತೊಳೆದಾದ ಮೇಲೆ ಬಾಗಿಲನ್ನು ಸ್ವಲ್ಪ ತೆರೆದಿಡಿ.

ಒಂದು ಮಾತು ಮಾತ್ರ ಮರೆಯಬಾರದು. ನಮ್ಮ ಮನೆಗೆ ಈ ಯಂತ್ರ ಬಂದದ್ದು ಮಡದಿಯ ಬೆರಳುಗಳ ಕೀಲುನೋವಿನ ದೆಸೆಯಿಂದ. ಉಳಿತಾಯದ ಹೆಸರಿನಲ್ಲಿ ಅರ್ಧ ಪಾತ್ರೆಗಳನ್ನು ಮತ್ತೆ ಆ ಕೈಗಳಿಗೇ ಒಪ್ಪಿಸಿದರೆ ಅದು ಉಳಿತಾಯವೆನಿಸದು. ಆ ಶ್ರಮ ಯಾವ ಮೀಟರಿನಲ್ಲಿಯೂ ದಾಖಲಾಗುವುದಿಲ್ಲ.