ವಿಮಾನ ಒಂದೂವರೆ ಗಂಟೆ, ಯಡ್ತರೆ ಎಷ್ಟು ದೂರ?

ಸಿನಿಮಾದಲ್ಲಿ ಬಹಳ ಸುಲಭ ಬಿಡಿ. ಹೀರೋ ಬೊಂಬಾಯಿಯಲ್ಲಿ ವಿಮಾನ ಹತ್ತುತ್ತಾನೆ, ಮುಂದಿನ ಷಾಟ್‌ನಲ್ಲಿ ಊರಿನ ಅಂಗಳದಲ್ಲಿ ಅಮ್ಮನ ಕಾಲಿಗೆ ಬೀಳುತ್ತಾನೆ. ಬೈಂದೂರಿನ ಮಗ್ಗುಲಿಗಿರುವ ಯಡ್ತರೆಗೆ ಬಂದು ನೋಡಿ ಸ್ವಾಮಿ, ನಡುವಿನ ರೀಲು ಎಷ್ಟುದ್ದ ಅಂತ ಗೊತ್ತಾಗುತ್ತೆ!

ಮುಂಬೈಯಿಂದ ಮಂಗಳೂರಿಗೆ ಆಕಾಶದಾರಿ ಸುಮಾರು 700 ಕಿಲೋಮೀಟರ್, ಹಾರಾಟ ಒಂದೂವರೆ ಗಂಟೆ. ಇಳಿಯುವುದು ಬಜಪೆಯಲ್ಲಿ, 1951ರಲ್ಲಿ ನೆಹರೂ ಬಂದಿಳಿದ ನಿಲ್ದಾಣದಲ್ಲಿ. ಅಲ್ಲಿಂದ ಯಡ್ತರೆ ಇನ್ನೂ 125 ಕಿಲೋಮೀಟರ್ ಆಸುಪಾಸು! ಮುಂಬೈಯ ಟ್ರಾಫಿಕ್ಕು, ನಿಲ್ದಾಣದಲ್ಲಿ ಎರಡು ಗಂಟೆ ಮೊದಲೇ ಕಾಯುವುದು, ಉಡುಪಿ, ಕುಂದಾಪುರ ದಾಟುವುದು... ಕೂಡಿಸಿದರೆ ಎಂಟು ಗಂಟೆ ಸಲೀಸು.

ರೈಲಿಗೆ ಹದಿಮೂರು ಗಂಟೆ ಹತ್ತಿರ. ಆದರೆ ಅದು ಮನೆ ಬಾಗಿಲಿಗೇ ತಂದು ಬಿಡುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ, ಮಧ್ಯಾಹ್ನ ಮತ್ಸ್ಯಗಂಧ ಹತ್ತಿದವನು ಬೆಳಕು ಹರಿಯುವ ಮೊದಲೇ ಮೂಕಾಂಬಿಕಾ ರೋಡ್ ಬೈಂದೂರು ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಕೊಲ್ಲೂರಿಗೆ ಹೋಗುವ ಭಕ್ತರೂ ಇಳಿಯುವುದು ಇಲ್ಲೇ.

ಇದು ಹೋಟೆಲ್ ಕೆಲಸಕ್ಕೆ ಮುಂಬೈ ಸೇರಿದ ಮಕ್ಕಳ ಸೀಮೆ. ರಾತ್ರಿ ಎಂಟಕ್ಕೆ ಫೋನು ಬರುತ್ತದೆ: "ಅಪ್ಪಯ್ಯ ಹೋದ್ರು." ರೈಲು ಆಗಲೇ ಹೊರಟು ಹೋಗಿದೆ. ಉಳಿದದ್ದು ಬೆಳಗಿನ ವಿಮಾನ, ಹಿಂದಿನ ರಾತ್ರಿ ಕೇಳಿದ ದುಬಾರಿ ಟಿಕೆಟ್ಟು. ಇತ್ತ ಅಂಗಳದಲ್ಲಿ ಕೂತ ನೆಂಟರದ್ದು ಒಂದೇ ಪ್ರಶ್ನೆ: "ಮಗ ಎಷ್ಟೊತ್ತಿಗ್ ಬತ್ತ?"

ಹೆಣ ಕಾಯಬೇಕೋ ಬೇಡವೋ, ಆ ಉತ್ತರದ ಮೇಲಿದೆ. ಅದಕ್ಕೇ ಹೇಳೋದು, ದೂರದಲ್ಲಿರುವ ಮಕ್ಕಳೇ, ವಿಮಾನ ಇಳಿಯುವ ಹೊತ್ತು ಹೇಳಬೇಡಿ. ಯಡ್ತರೆಗೆ ಮುಟ್ಟುವ ಹೊತ್ತು ಹೇಳಿ.